ಮೂಲವ್ಯಾಧಿ ಆಪರೇಶನ್ ಆದ ಮೇಲೆ ಯಾವ ಮುಲಾಮು? ಜಾತ್ಯಾದಿಯಿಂದ ಮುರುಗಲ ತುಪ್ಪದವರೆಗೆ

ಮುಲಾಮು ಕೊಳ್ಳಲು ಹೊರಡುವ ಮೊದಲು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ತೆಗೆದು ಓದಿ. ಯಾವ ಬಗೆಯ ಆಪರೇಶನ್ ಆಗಿದೆ ಎಂದು ಅದರಲ್ಲಿ ಬರೆದಿರುತ್ತಾರೆ. ಷಡ್ಡಕನಿಗೆ ಎಣ್ಣೆ ಕೊಡುವಾಗ ನಾನು ಅವನ ಚೀಟಿ ನೋಡಿರಲಿಲ್ಲ. ನೋಡಿದ್ದರೆ ಅವನ ನಾಲ್ಕು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವುದು ಊಟಕ್ಕೆ ಮಾತ್ರ. ನೀರು ಕಡಿಮೆ, ಕವಳ (ಎಲೆಅಡಿಕೆ) ಜಾಸ್ತಿ. ಮೂಲವ್ಯಾಧಿ ಬೆಳೆಯಲು ಇದಕ್ಕಿಂತ ಒಳ್ಳೆ ಗೊಬ್ಬರ ಬೇಕಾ? ಕಡೆಗೆ ಹುಬ್ಬಳ್ಳಿಗೆ ಹೋಗಿ ಆಪರೇಶನ್ ಮಾಡಿಸಿಕೊಂಡು ಬಂದೆ. ನನ್ನದು ತೆರೆದ ಗಾಯ. ಮಾಯಲು ಐದಾರು ವಾರ ಹಿಡಿಯಿತು. ಆಗ ಜಾತ್ಯಾದಿ ತೈಲ ಎಂಬ ಆಯುರ್ವೇದದ ಎಣ್ಣೆ ಹಚ್ಚಿದ್ದೆ, ನನಗೆ ಒಗ್ಗಿತ್ತು. ಮರು ವರ್ಷ ಕಾರವಾರದ ಷಡ್ಡಕನಿಗೂ ಆಪರೇಶನ್ ಆಯಿತು. ನಾನು ದೊಡ್ಡ ಅನುಭವಸ್ಥನ ಹಾಗೆ ಅದೇ ಎಣ್ಣೆಯ ಹೊಸ ಬಾಟಲಿ ತೆಗೆದುಕೊಂಡು ಹೋಗಿ ಕೊಟ್ಟೆ.

ಅವನದು ಸ್ಟೇಪ್ಲರ್ ಆಪರೇಶನ್. ಹೊರಗೆ ನೋಡಿದರೆ ಗಾಯವೇ ಇಲ್ಲ. ಎಣ್ಣೆ ಹಚ್ಚುವುದೆಲ್ಲಿ? ಒಳಗೇ ಇರಬೇಕು ಎಂದುಕೊಂಡು ಬೆರಳಿನಿಂದ ಒಳಗೆ ಹಾಕಿದ. ರಕ್ತ ಬಂತು, ನೋವು ಎದ್ದಿತು. ಮತ್ತೆ ಡಾಕ್ಟರ ಹತ್ತಿರ ಓಡಬೇಕಾಯಿತು. ಅವರು ಬೈದದ್ದು ಅವನಿಗೆ, ತಾಗಿದ್ದು ನನಗೆ.

ಹಾಗಾಗಿ ಈ ಬರಹದಲ್ಲಿ ಮುಲಾಮಿನ ಹೆಸರಿಗಿಂತ ಮೊದಲು ಎರಡು ಪ್ರಶ್ನೆ ಬರುತ್ತವೆ. ನಿಮ್ಮದು ಯಾವ ಗಾಯ? ಇವತ್ತಿಗೆ ಎಷ್ಟನೇ ದಿನ?

ಯಾವ ಗಾಯ

ತೆರೆದ ಆಪರೇಶನ್ನಿನಲ್ಲಿ ಮೊಳಕೆಯನ್ನು (ಮೂಲವ್ಯಾಧಿಯ ಊದಿದ ಗಂಟನ್ನು) ಕತ್ತರಿಸಿ ತೆಗೆದು ಗಾಯವನ್ನು ಹೊಲಿಯದೆ ಹಾಗೇ ಬಿಡುತ್ತಾರೆ. ಮಿಲಿಗನ್ ಮತ್ತು ಮಾರ್ಗನ್ ಎಂಬ ಇಬ್ಬರು ಡಾಕ್ಟರು 1937ರಲ್ಲಿ ಈ ವಿಧಾನ ಬರೆದಿಟ್ಟರು. ಇಂದಿಗೂ ನಡೆದುಕೊಂಡು ಬಂದಿದೆ. ಗಾಯ ತಳದಿಂದ ತುಂಬಿಕೊಂಡು ಮೇಲಕ್ಕೆ ಬರಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಚ್ಚುವ ಮದ್ದಿಗೆ ನಿಜವಾಗಿ ಕೆಲಸ ಇರುವುದು ಇಲ್ಲಿ.

ಹೊಲಿದು ಮುಚ್ಚಿದ ಆಪರೇಶನ್ ಆಗಿದ್ದರೆ ಹೊಲಿಗೆ ಗಟ್ಟಿಯಾಗುವವರೆಗೆ ಎಣ್ಣೆ ತುಪ್ಪದ ಗೋಜಿಗೆ ಹೋಗಬೇಡಿ. ಹೊಲಿಗೆ ಬಿಟ್ಟುಕೊಂಡು ತೆರೆದ ಗಾಯವೇ ಆಗುವುದೂ ಉಂಟು. ಆಗ ಡಾಕ್ಟರಿಗೆ ತೋರಿಸಿ ಮುಂದುವರಿಯಿರಿ.

ಸ್ಟೇಪ್ಲರ್ ಬೇರೆಯೇ. 1998ರಲ್ಲಿ ಇಟಲಿಯ ಲೋಂಗೋ ಎಂಬುವರು ಇದನ್ನು ಬಳಕೆಗೆ ತಂದರು. ಕತ್ತರಿಸುವುದು, ಪಿನ್ನು ಹೊಡೆಯುವುದು ಎಲ್ಲ ಒಳಗೆ. ಮೊಳಕೆಯ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದರೂ ಹಾಗೇ. ಹೊರಗೆ ಗಾಯ ಇಲ್ಲ ಅಂದಮೇಲೆ ಮುಲಾಮಿನ ದುಡ್ಡು ಉಳಿಸಿ. ಲೇಸರ್‌ನಲ್ಲಿ ಹೊರಗೆ ಸಣ್ಣ ಗಾಯ ಇರುತ್ತದೆ, ಅಷ್ಟಕ್ಕೆ ಸ್ವಲ್ಪ ಸಾಕು. ಆಯುರ್ವೇದದ ಕ್ಷಾರಸೂತ್ರ (ಮದ್ದು ಲೇಪಿಸಿದ ದಾರ ಕಟ್ಟುವ ವಿಧಾನ) ಮಾಡಿಸಿಕೊಂಡವರಿಗೆ ವೈದ್ಯರೇ ಎಣ್ಣೆಯನ್ನೋ ತುಪ್ಪವನ್ನೋ ಹೇಳಿ ಕಳಿಸುತ್ತಾರೆ. ಅದನ್ನು ಬದಲಿಸಬೇಡಿ.

ಎಷ್ಟನೇ ದಿನ

ಮೊದಲ ಮೂರು ನಾಲ್ಕು ದಿನ ಆಸ್ಪತ್ರೆಯವರು ಕೊಟ್ಟದ್ದು ಬಿಟ್ಟು ಏನೂ ಬೇಡ. ಆಮೇಲೆ ಸುಮಾರು ಎರಡು ವಾರ ಗಾಯ ಹಸಿಯಾಗಿರುತ್ತದೆ. ತೆಳುವಾದ ರಸಿಗೆ ಬರುತ್ತದೆ, ಚಡ್ಡಿಗೆ ಕಲೆ ಆಗುತ್ತದೆ. ಇದನ್ನು ನೋಡಿ ಕೀವು ಎಂದು ಹೆದರಿ ಮೂರು ಮೂರು ಮದ್ದು ಒಟ್ಟಿಗೆ ಹಚ್ಚುವವರಿದ್ದಾರೆ. ಕೀವು ದಪ್ಪ ಇರುತ್ತದೆ, ಕೆಟ್ಟ ವಾಸನೆ ಇರುತ್ತದೆ, ಜೊತೆಗೆ ಜ್ವರವೂ ಬರಬಹುದು. ಮೂರನೇ ವಾರದ ಹೊತ್ತಿಗೆ ಕೆಂಪು ಮಾಂಸ ತುಂಬಿಕೊಳ್ಳತೊಡಗುತ್ತದೆ. ಆಗ ನೋವು ಇಳಿದು ತುರಿಕೆ ಶುರು. ಹಸಿ ಗಾಯಕ್ಕೆ ಬೇಕಾದ ಮದ್ದು ಬೇರೆ, ತುರಿಕೆಯ ಗಾಯಕ್ಕೆ ಬೇಕಾದದ್ದು ಬೇರೆ.

ಜಾತ್ಯಾದಿ

ಆಯುರ್ವೇದದಲ್ಲಿ ಗಾಯದ ಎಣ್ಣೆ ಎಂದರೆ ಮೊದಲು ಬರುವ ಹೆಸರು ಇದು. ಜಾತಿ ಅಂದರೆ ಜಾಜಿ ಗಿಡ, ಅದರ ಎಲೆ. ಜೊತೆಗೆ ಬೇವಿನ ಎಲೆ, ಹೊಂಗೆ, ಅರಿಶಿನ, ಮರದರಿಶಿನ, ಮಂಜಿಷ್ಠ, ಜೇಷ್ಠಮಧು, ಲೋಧ್ರ, ಜೇನುಮೇಣ. ಇಷ್ಟೇ ಆಗಿದ್ದರೆ ಸಾದಾ ಗಿಡಮೂಲಿಕೆ ಎಣ್ಣೆ ಅನ್ನಬಹುದಿತ್ತು. ಆದರೆ ಇದರಲ್ಲಿ ತುತ್ಥ ಇದೆ. ತುತ್ಥ ಎಂದರೆ ಮೈಲುತುತ್ತ.

ಅಡಿಕೆ ತೋಟದವರಿಗೆ ಮೈಲುತುತ್ತ ಹೇಳಿಕೊಡಬೇಕಾಗಿಲ್ಲ ಅಲ್ವಾ? ಮಳೆಗಾಲದಲ್ಲಿ ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದೇ ತಾಮ್ರದ ಉಪ್ಪು. ಎಣ್ಣೆಯಲ್ಲಿರುವುದು ಶುದ್ಧಿ ಮಾಡಿದ್ದು, ಬಹಳ ಕಡಿಮೆ. ಎಣ್ಣೆಗೆ ಹಸಿರು ಛಾಯೆ ಬರುವುದರಲ್ಲಿ ಅದರ ಪಾಲೂ ಇದೆ. ತಾಮ್ರಕ್ಕೆ ಬ್ಯಾಕ್ಟೀರಿಯಾ, ಶಿಲೀಂಧ್ರ ಎರಡನ್ನೂ ತಡೆಯುವ ಗುಣ ಇದೆ. ಕೊಳೆಗೆ ಯಾಕೆ ಕೆಲಸ ಮಾಡುತ್ತದೋ ಇಲ್ಲಿಯೂ ಅದಕ್ಕೇ. ಆದ್ದರಿಂದಲೇ ಇದು ಹೊರಗೆ ಹಚ್ಚಲು ಮಾತ್ರ. ಕುಡಿಯುವಂತಿಲ್ಲ. ಮಕ್ಕಳ ಕೈಗೆ ಸಿಗುವ ಹಾಗೆ ಇಡುವಂತಿಲ್ಲ. ಜಾಸ್ತಿ ಹಚ್ಚಿದರೆ ಜಾಸ್ತಿ ಗುಣ ಎಂಬ ಲೆಕ್ಕವೂ ನಡೆಯುವುದಿಲ್ಲ.

ಇಲಿಗಳ ಮೇಲಿನ ಪ್ರಯೋಗದಲ್ಲಿ ಇದು ಗಾಯ ಬೇಗ ಮುಚ್ಚಿಸಿದ್ದು ಕಂಡಿದೆ. ಮನುಷ್ಯರ ಮೇಲೆ ನಡೆದ ಅಧ್ಯಯನಗಳು ಸಣ್ಣವು. ಆದರೂ ಆಯುರ್ವೇದ ಆಸ್ಪತ್ರೆಗಳಲ್ಲಿ ಇದರ ಬಳಕೆ ಹಳೆಯದು, ಬೆಲೆಯೂ ಕೈಗೆ ಎಟಕುವಂಥದ್ದು. ಹಸಿ ಗಾಯದ ದಿನಗಳಿಗೆ, ಅಂದರೆ ಸುಮಾರು ಐದನೇ ದಿನದಿಂದ ಮೂರನೇ ವಾರದವರೆಗೆ, ಸರ್ಜನ್ ಒಪ್ಪಿದರೆ ನನ್ನ ಮೊದಲ ಆಯ್ಕೆ ಇದೇ.

ತೈಲವೋ ಘೃತವೋ? ತೈಲ ಎಳ್ಳೆಣ್ಣೆಯಲ್ಲಿ ಮಾಡಿದ್ದು, ಘೃತ ತುಪ್ಪದಲ್ಲಿ. ತೈಲ ಹಚ್ಚಿದಾಗ ನನಗೆ ಒಂದೆರಡು ನಿಮಿಷ ಚುರುಚುರು ಅನ್ನುತ್ತಿತ್ತು. ತುಪ್ಪ ತಣ್ಣಗೆ. ಉರಿ ಜಾಸ್ತಿ ಇರುವವರು ಘೃತ ತೆಗೆದುಕೊಳ್ಳಲಿ. ಒಂದು ತೊಂದರೆ ಎಂದರೆ ಶಿರಸಿಯ ಡಿಸೆಂಬರ್ ಬೆಳಿಗ್ಗೆ ತುಪ್ಪ ಕಲ್ಲಾಗಿರುತ್ತದೆ. ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸಿಕೊಳ್ಳಬೇಕು. ಕಾರವಾರ, ಕುಮಟಾ, ಭಟ್ಕಳದವರಿಗೆ ಈ ಕಷ್ಟ ಇಲ್ಲ. ಅವರ ಕಷ್ಟ ಬೆವರು. ಅಲ್ಲಿ ಎಣ್ಣೆಯಾಗಲಿ ತುಪ್ಪವಾಗಲಿ ದಪ್ಪಗೆ ಬಳಿದರೆ ಬೆವರೂ ಜಿಡ್ಡೂ ಸೇರಿ ಸುತ್ತಲಿನ ಚರ್ಮ ಬೆಳ್ಳಗೆ ನೆನೆದು ಹೋಗುತ್ತದೆ. ಕರಾವಳಿಯವರು ತೆಳುವಾಗಿ ಸವರಬೇಕು, ಅಷ್ಟೇ.

ಜೇಷ್ಠಮಧು ತುಪ್ಪ

ಕೊಯ್ದ ಗಾಯದ ನೋವಿಗೆ ಜೇಷ್ಠಮಧು ಹಾಕಿದ ಬೆಚ್ಚಗಿನ ತುಪ್ಪ ಹೊಯ್ಯಬೇಕು ಎಂದು ಸುಶ್ರುತ ಸಂಹಿತೆಯಲ್ಲೇ ಇದೆ. ಅಂಗಡಿಯಲ್ಲಿ ಯಷ್ಟಿಮಧು ಘೃತ ಅಂತಲೋ ತೈಲ ಅಂತಲೋ ಕೇಳಿ. ತಾಮ್ರ ಇಲ್ಲ, ಕರ್ಪೂರ ಇಲ್ಲ, ಉರಿಸುವಂಥದ್ದು ಏನೂ ಇಲ್ಲ. ಮೆದು ಚರ್ಮದವರು, ವಯಸ್ಸಾದವರು, ಜಾತ್ಯಾದಿ ತಡೆಯದವರು ಇದನ್ನು ಹಚ್ಚಬಹುದು. ಸೋಂಕು ತಡೆಯುವ ಶಕ್ತಿಯಲ್ಲಿ ಜಾತ್ಯಾದಿಯ ಹಿಂದೆ, ಹಿತದಲ್ಲಿ ಮುಂದೆ.

ಲೋಳೆಸರ

ಆಪರೇಶನ್ ಆದ ಮೂಲವ್ಯಾಧಿ ಗಾಯಕ್ಕೇ ಹಚ್ಚಿ ನೋಡಿದ ಗಿಡಗಳಲ್ಲಿ ಲೋಳೆಸರವೂ ಒಂದು. 2010ರಲ್ಲಿ ಇರಾನಿನ ಡಾಕ್ಟರುಗಳು 49 ಜನರ ಮೇಲೆ ಮಾಡಿದ ಪರೀಕ್ಷೆ ಪ್ರಕಟವಾಯಿತು. ಲೋಳೆಸರದ ಕ್ರೀಮ್ ಹಚ್ಚಿದವರಿಗೆ ನೋವು ಕಡಿಮೆ ಇತ್ತು. ಎರಡನೇ ವಾರದ ಕೊನೆಗೆ ಗಾಯವೂ ಹೆಚ್ಚು ಮಾಯ್ದಿತ್ತು. 49 ಜನ ಅಂದರೆ ಒಂದು ಬಸ್ಸಿನಷ್ಟು ಜನ. ಇದನ್ನೇ ಹಿಡಿದು ಡಂಗುರ ಸಾರಬೇಕಾಗಿಲ್ಲ. ಆದರೂ ಲೆಕ್ಕಕ್ಕೆ ಇಲ್ಲದ್ದಲ್ಲ.

ಇಲ್ಲಿ ಒಂದು ಎಡವಟ್ಟಿದೆ. ಆ ಪರೀಕ್ಷೆಯಲ್ಲಿ ಬಳಸಿದ್ದು ಔಷಧಿಯಾಗಿ ತಯಾರಿಸಿದ ಕ್ರೀಮ್. ನಮ್ಮವರು ಓದಿದ ಕೂಡಲೇ ಹಿತ್ತಲಿಗೆ ಹೋಗಿ ಎಲೆ ಕೊಯ್ದು ತರುತ್ತಾರೆ. ಎಲೆ ಕೊಯ್ದಾಗ ಒಸರುವ ಹಳದಿ ರಸ ಹಸಿ ಗಾಯಕ್ಕೆ ತಾಗಿದರೆ ಕೆರೆತ, ಉರಿ. ಹಿತ್ತಲಿನ ಮಣ್ಣು ಬೇರೆ. ಇನ್ನು ಬ್ಯೂಟಿ ಸಾಮಾನಿನ ಅಂಗಡಿಯ ಹಸಿರು ಜೆಲ್‌ನಲ್ಲಿ ಬಣ್ಣ, ಪರಿಮಳ, ಕೆಲವದರಲ್ಲಿ ಆಲ್ಕೋಹಾಲ್ ಇರುತ್ತದೆ. ಅದು ಮುಖಕ್ಕೆ. ಈ ಜಾಗಕ್ಕೆ ಅಲ್ಲ. ಮೆಡಿಕಲ್ ಶಾಪ್‌ನಲ್ಲಿ ಔಷಧಿ ಎಂದೇ ಸಿಗುವ, ಪರಿಮಳ ಇಲ್ಲದ ಕ್ರೀಮ್ ಸಿಕ್ಕಿದರೆ ಮಾತ್ರ ತೆಗೆದುಕೊಳ್ಳಿ. ಜಿಡ್ಡು ಕಡಿಮೆ ಇರುವುದರಿಂದ ಕರಾವಳಿಯ ಸೆಕೆಗೆ, ಆಫೀಸಿಗೆ ಹೋಗುವವರಿಗೆ ಇದು ಅನುಕೂಲ. ಬಟ್ಟೆ ಹಾಳಾಗುವುದಿಲ್ಲ.

ಮುರಿವೆಣ್ಣ

ಕೇರಳದ ಎಣ್ಣೆ, ಕರಾವಳಿಯವರಿಗೆ ಗೊತ್ತಿರುವುದೇ. ತೆಂಗಿನೆಣ್ಣೆಯಲ್ಲಿ ವೀಳ್ಯದೆಲೆ, ಲೋಳೆಸರ, ಈರುಳ್ಳಿ, ನುಗ್ಗೆ, ಹೊಂಗೆ ಹಾಕಿ ಕಾಯಿಸಿದ್ದು. ಉಳುಕು, ಜಜ್ಜಿದ ಗಾಯಕ್ಕೆ ಹೆಸರುವಾಸಿ. ಈ ಗಾಯಕ್ಕೂ ಕೆಲವು ವೈದ್ಯರು ಕೊಡುತ್ತಾರೆ. ಅವರು ಕೊಟ್ಟರೆ ಸರಿ. ನೀವಾಗಿಯೇ ಆರಿಸುವುದಾದರೆ ಇದಕ್ಕಿಂತ ಜಾತ್ಯಾದಿಯೇ ಮೇಲು.

ಮುರುಗಲ ತುಪ್ಪ, ಉಪ್ಪಾಗೆ ತುಪ್ಪ

ಈಗ ನಮ್ಮ ಜಿಲ್ಲೆಯ ಮನೆಮದ್ದಿಗೆ ಬರೋಣ. ಆಪರೇಶನ್ ಮಾಡಿಸಿಕೊಂಡು ಮನೆಗೆ ಬಂದ ದಿನವೇ ಆಯಿ ಗಿಂಡಿ ಹಿಡಿದು ಬಂದಳು. "ಉಪ್ಪಾಗೆ ತುಪ್ಪ ಹಚ್ಕ್ಯ ಅಪ್ಪಿ, ಎರಡೇ ದಿನಕ್ಕೆ ಮಾಯ್ತು." ಹಿಮ್ಮಡಿ ಒಡೆದರೆ, ತುಟಿ ಒಡೆದರೆ, ಕೈ ಸುಟ್ಟರೆ ನಮ್ಮ ಮನೆಗಳಲ್ಲಿ ಇದೇ ತಾನೇ.

ಮುರುಗಲ (ಪುನರ್ಪುಳಿ) ತುಪ್ಪವೂ ಉಪ್ಪಾಗೆ ತುಪ್ಪವೂ ಅಣ್ಣತಮ್ಮಂದಿರು. ಎರಡೂ ಒಂದೇ ಕುಲದ ಮರಗಳ ಬೀಜದ ಕೊಬ್ಬು. ಬೀಜ ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆಯುತ್ತಾರೆ. ಚರ್ಮದ ಮೇಲೆ ತೇವ ಹಿಡಿದಿಡುವ ಪದರವಾಗಿ ಇದು ಒಳ್ಳೆಯದೇ. ಸೌಂದರ್ಯ ಸಾಮಾನಿನ ಕಂಪನಿಗಳೂ ಕೊಳ್ಳುತ್ತವೆ. ಆದರೆ ಇದು ಕೊಬ್ಬು. ಸೋಂಕಿನ ಮದ್ದಲ್ಲ. ಮನೆಯಲ್ಲಿ ಮಾಡಿದ್ದು, ಅಟ್ಟದ ಮೇಲೆ ಕೂತದ್ದು, ಹತ್ತಾರು ಬೆರಳು ಮುಳುಗಿದ್ದು. ಹಸಿ ಗಾಯಕ್ಕೆ ಬೇಡವೇ ಬೇಡ. ಇನ್ನೊಂದು ವಿಷಯ, ಮುರುಗಲ ತುಪ್ಪ ಕರಗುವುದು ಸುಮಾರು 38ರಿಂದ 40 ಡಿಗ್ರಿಗೆ. ಗಟ್ಟಿ ಉಂಡೆಯನ್ನು ಹಾಗೇ ತಿಕ್ಕಿದರೆ ಹರಳು ಹರಳಾಗಿ ಗೀರುತ್ತದೆ.

ಹಾಗಂತ ಆಯಿಯ ಮಾತು ಪೂರ್ತಿ ತೆಗೆದುಹಾಕಲೂ ಇಲ್ಲ. ನಾಲ್ಕನೇ ವಾರ ಗಾಯ ಬಹುಪಾಲು ಮುಚ್ಚಿ, ಹೊಸ ಚರ್ಮ ಬಿಗಿದು, ತುರಿಕೆ ತಡೆಯಲಾರದ ಹಾಗಾದಾಗ ಹೊಸದಾಗಿ ಕಾಯಿಸಿ ಬಟ್ಟೆಯಲ್ಲಿ ಸೋಸಿದ ಉಪ್ಪಾಗೆ ತುಪ್ಪ ಹಚ್ಚಿದೆ. ಆಗ ಅದು ಎಲ್ಲ ಟ್ಯೂಬುಗಳಿಗಿಂತ ಹಿತವಾಗಿತ್ತು. ಎರಡು ದಿನದ ಮದ್ದು ಹೌದು, ಎರಡು ದಿನ ಯಾವುದು ಎಂಬುದಷ್ಟೇ ಆಯಿಗೂ ನನಗೂ ಇದ್ದ ವ್ಯತ್ಯಾಸ. ಇದು ಸಿಗದವರು ಸಾದಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೂ ಅದೇ ಕೆಲಸ ಆಗುತ್ತದೆ.

ಜೇನುತುಪ್ಪ

ಗಾಯಕ್ಕೆ ಜೇನು ಒಳ್ಳೆಯದು ಎನ್ನುವುದು ಸುಳ್ಳಲ್ಲ. ಆಸ್ಪತ್ರೆಗಳಲ್ಲೂ ಬಳಸುತ್ತಾರೆ. ಆದರೆ ಅದು ಗಾಮಾ ಕಿರಣ ಹಾಯಿಸಿ ಶುದ್ಧಿ ಮಾಡಿದ ಜೇನು. ನಮ್ಮ ತುಡುವೆ ಜೇನಾಗಲಿ, ಔಷಧಿಗೆಂದೇ ಜೋಪಾನ ಮಾಡಿಟ್ಟ ಮಿಸರಿ (ಚುಚ್ಚದ ಸಣ್ಣ ನೊಣದ) ಜೇನಾಗಲಿ, ಹಸಿಯಾಗಿಯೇ ಇರುತ್ತದೆ. ಅದರಲ್ಲಿ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣ ಇರಬಹುದು. ಹೊಟ್ಟೆಗೆ ಹೋದರೆ ದೊಡ್ಡವರಿಗೆ ಏನೂ ಆಗುವುದಿಲ್ಲ, ತೆರೆದ ಗಾಯಕ್ಕೆ ಯಾಕೆ ಆ ಸಾಹಸ? ಅಂಟು ಅಂಟು ಬೇರೆ. ರಾತ್ರಿ ಹಾಸಿಗೆಗೆ ಇರುವೆ ಬಂದರೆ ಏಳುವುದೂ ಕಷ್ಟ, ಮಲಗುವುದೂ ಕಷ್ಟ. ಮಿಸರಿ ಜೇನನ್ನು ಚಮಚದಲ್ಲಿ ತಿನ್ನಿ.

ಪೈಲ್ಸ್ ಟ್ಯೂಬ್‌ಗಳು

ಮೂಲವ್ಯಾಧಿಗೆ ಎಂದು ಸಿಗುವ ಗಿಡಮೂಲಿಕೆ ಟ್ಯೂಬ್‌ಗಳಲ್ಲಿ ನಾಚಿಕೆ ಮುಳ್ಳು, ಲಕ್ಕಿ ಸೊಪ್ಪು ಇತ್ಯಾದಿ ಇರುತ್ತದೆ. ಬಹಳಷ್ಟರಲ್ಲಿ ಕರ್ಪೂರವೂ ಇರುತ್ತದೆ. ಇವು ಊದಿಕೊಂಡ ಮೊಳಕೆಗೆ, ಕೊಯ್ದ ಗಾಯಕ್ಕಲ್ಲ. ಹಸಿ ಗಾಯಕ್ಕೆ ಕರ್ಪೂರ ತಾಗಿದರೆ ಮೆಣಸಿನಕಾಯಿ ಹಚ್ಚಿದ ಹಾಗೆ. ಇಂಗ್ಲಿಷ್ ಔಷಧಿಯ ಪೈಲ್ಸ್ ಟ್ಯೂಬ್‌ಗಳಲ್ಲಿ ಕೆಲವಕ್ಕೆ ಸ್ಟಿರಾಯ್ಡ್ ಸೇರಿಸಿರುತ್ತಾರೆ. ಅದು ಗಾಯ ಮಾಯುವುದನ್ನೇ ನಿಧಾನ ಮಾಡುತ್ತದೆ. ಆಪರೇಶನ್ನಿಗೆ ಮೊದಲು ಬಳಸುತ್ತಿದ್ದ ಅರ್ಧ ಟ್ಯೂಬ್ ಕಪಾಟಿನಲ್ಲಿ ಉಳಿದಿದ್ದರೆ ಈಗಲೇ ಬಿಸಾಡಿ.

ಅರಿಶಿನ ಪುಡಿ, ಸುಣ್ಣ, ಕಾಫಿ ಪುಡಿ, ಸಗಣಿ ಬೂದಿ, ಯಾರೋ ಹೇಳಿದ ಬೇರು ತೇಯ್ದ ಲೇಪ ಇವುಗಳ ಬಗ್ಗೆ ಹೋಲಿಕೆಯೇ ಇಲ್ಲ. ಹಚ್ಚಬೇಡಿ. ನಾಟಿ ವೈದ್ಯಕ್ಕೆ ನಮ್ಮ ಜಿಲ್ಲೆ ಹೆಸರಾದದ್ದೇ, ನನಗೂ ಅದರ ಮೇಲೆ ಗೌರವ ಇದೆ. ಆದರೆ ದಿನಾ ಮಲ ತಾಗುವ ತೆರೆದ ಗಾಯಕ್ಕೆ ಸೋಸದ ಪುಡಿ ಕೂಡದು.

ಕೊಳ್ಳುವಾಗ, ಹಚ್ಚುವಾಗ

ಬಾಟಲಿಯ ಮೇಲೆ ಆಯುರ್ವೇದ ಔಷಧ ಎಂಬ ಬರಹ, ತಯಾರಿಕೆಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಮುಗಿಯುವ ತಾರೀಖು ಇರಲೇಬೇಕು. ಜಾತ್ರೆಯಲ್ಲಿ ಲೇಬಲ್ ಇಲ್ಲದೆ ಮಾರುವುದು ಎಷ್ಟೇ ಪರಿಮಳ ಬಂದರೂ ಬೇಡ. ತಂದ ಮೇಲೆ ಮೊದಲು ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದು ದಿನ ನೋಡಿ. ಕೆಂಪಾಗದಿದ್ದರೆ ಮುಂದುವರಿಯಿರಿ.

ಕಕ್ಕಸಿಗೆ ಹೋಗಿ ಬಂದ ಮೇಲೆ ಅಗಲ ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂರುವುದು. ದಿನಕ್ಕೆ ಎರಡು ಮೂರು ಸಲ. ಸತ್ಯ ಹೇಳಬೇಕೆಂದರೆ ಮುಲಾಮಿಗಿಂತ ದೊಡ್ಡ ಮದ್ದು ಇದು. ಬಿಗಿದುಕೊಂಡ ಸ್ನಾಯು ಸಡಿಲ ಆಗುತ್ತದೆ, ಅರ್ಧ ನೋವು ಅಲ್ಲೇ ಇಳಿಯುತ್ತದೆ. ಆಯುರ್ವೇದದವರು ಆ ನೀರಿಗೆ ಪಂಚವಲ್ಕಲ ಕಷಾಯ ಹಾಕಿಸುತ್ತಾರೆ. ಆಲ, ಅರಳಿ, ಅತ್ತಿ, ಬಸರಿ, ಹೂವರಸಿ ಈ ಐದು ಮರಗಳ ತೊಗಟೆ. ಒಗರು ಇರುವುದರಿಂದ ರಸಿಗೆ ಕಡಿಮೆಯಾಗುತ್ತದೆ. ಚೆನ್ನಾಗಿ ಸೋಸಿರಬೇಕು. ಇಲ್ಲದಿದ್ದರೆ ಸಾದಾ ನೀರೇ ಸಾಕು.

ಎದ್ದ ಮೇಲೆ ಮೆತ್ತಗಿನ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ತಿಕ್ಕಬೇಡಿ. ಕೈ ತೊಳೆದು, ಗಾಜ್ ತುಂಡಿನ ಮೇಲೆ ಕಡಲೆಕಾಳಿನಷ್ಟು ಹಾಕಿಕೊಂಡು ಹೊರಗಿನ ಗಾಯಕ್ಕೆ ಮಾತ್ರ ತಾಗಿಸಿ. ಬೆರಳನ್ನು ಬಾಟಲಿಗೆ ಅದ್ದಬೇಡಿ. ಡಾಕ್ಟರು ಲಿಡೋಕೇನ್ (ಮರಗಟ್ಟಿಸುವುದು) ಅಥವಾ ಡಿಲ್ಟಿಯಾಜೆಮ್ (ಸ್ನಾಯು ಸಡಿಲಿಸುವುದು) ಮುಲಾಮು ಕೊಟ್ಟಿದ್ದರೆ ಅದೇ ಮೊದಲು. ಎಣ್ಣೆ ಹಚ್ಚಿದ ಮೇಲೆ ಅದು ಚರ್ಮಕ್ಕೆ ಹಿಡಿಯುವುದಿಲ್ಲ. ಎರಡನ್ನೂ ಕಲಸಿ ಹಚ್ಚುವುದಂತೂ ದಡ್ಡತನ. ಬೇರೆ ಬೇರೆ ಹೊತ್ತಿಗೆ ಹಚ್ಚಬಹುದೇ ಎಂದು ಕೇಳಿಕೊಳ್ಳಿ.

ಮಲ ಗಟ್ಟಿಯಾದರೆ ಲೋಕದ ಯಾವ ಮುಲಾಮೂ ನಿಲ್ಲುವುದಿಲ್ಲ. ದಿನಾ ಗಾಯ ಹೊಸದಾಗುತ್ತದೆ. ಇಸಬ್ಗೋಲ್, ಜಾಸ್ತಿ ನೀರು, ಕುಚ್ಚಲಕ್ಕಿ ಗಂಜಿ, ಬಾಳೆದಿಂಡಿನ ಪಲ್ಯ, ಒಂದೆಲಗದ ತಂಬುಳಿ. ಅಪ್ಪೆಹುಳಿಗೆ ಒಗ್ಗರಣೆ ಮೆಣಸು ಕಡಿಮೆ ಮಾಡಿ ಕುಡಿಯಬಹುದು. ಕರಾವಳಿಯವರು ಖಾರದ ಮೀನು ಸಾರನ್ನು ಒಂದು ತಿಂಗಳು ಮರೆಯಬೇಕು. ಷಡ್ಡಕ ಮರೆಯಲಿಲ್ಲ, ಅದಕ್ಕೂ ಅನುಭವಿಸಿದ.

ಯಾರು ಏನನ್ನೂ ಹಚ್ಚಿಕೊಳ್ಳದೆ ಮೊದಲು ಡಾಕ್ಟರಿಗೆ ಕೇಳಬೇಕು? ಸಕ್ಕರೆ ಕಾಯಿಲೆ ಇದ್ದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಬಸುರಿ ಬಾಣಂತಿಯರು. ಇನ್ನು ಯಾರಿಗೇ ಆಗಲಿ, ಏಳರಿಂದ ಹದಿನಾಲ್ಕನೇ ದಿನದ ನಡುವೆ ಒಮ್ಮೆಲೇ ರಕ್ತ ಬರುವ ಸಾಧ್ಯತೆ ಇದೆ. ಒಂದೆರಡು ಹನಿಗೆ ಹೆದರಬೇಡಿ. ಗಡ್ಡೆ ಗಡ್ಡೆಯಾಗಿ ಬಂದರೆ, ತಲೆ ತಿರುಗಿದರೆ, ಜ್ವರ ಬಂದರೆ, ಮೂತ್ರ ಕಟ್ಟಿದರೆ ಎಣ್ಣೆ ಬದಿಗಿಟ್ಟು ಹೊರಡಿ. ನಮ್ಮ ಜಿಲ್ಲೆಯಲ್ಲಿ ಹೊರಡುವುದು ಎಂದರೆ ಸಣ್ಣ ಮಾತಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಕುಮಟಾಕ್ಕೆ ಇಳಿಯುವುದಾದರೆ ದೇವಿಮನೆ ಘಟ್ಟ. ಆ ಎರಡು ವಾರ ಯಾವ ಆಸ್ಪತ್ರೆಗೆ, ಯಾರ ಗಾಡಿಯಲ್ಲಿ ಎಂದು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ.

ಗಾಯ ಪೂರ್ತಿ ಮಾಯ್ದು ತುರಿಕೆಯೂ ನಿಂತ ಮೇಲೆ ಹಚ್ಚುವುದನ್ನು ನಿಲ್ಲಿಸಿ. ಅಭ್ಯಾಸಕ್ಕೆಂದು ಮುಂದುವರಿಸಿದರೆ ಜಿಡ್ಡಿಗೇ ತುರಿಕೆ ಶುರುವಾಗುತ್ತದೆ. ನನ್ನ ಬಾಟಲಿಯಲ್ಲಿ ಅರ್ಧ ಜಾತ್ಯಾದಿ ಉಳಿದಿತ್ತು. ಸುಲಿಯುವಾಗ ಬೆರಳು ಕೊಯ್ದುಕೊಂಡ ಆಳು ಒಬ್ಬ ಅದು ಗಾಯದ ಎಣ್ಣೆ ಎಂದು ಲೇಬಲ್ ಓದಿ, "ಸ್ವಲ್ಪ ಕೊಡಿ ಹೆಗಡೇರೆ" ಅಂದ. ಅದು ಎಲ್ಲಿಗೆ ಹಚ್ಚಿದ ಬಾಟಲಿ ಎಂದು ಹೇಗೆ ಹೇಳಲಿ? ಪೇಟೆಗೆ ಹೋಗಿ ಹೊಸದನ್ನೇ ತಂದುಕೊಟ್ಟೆ.